ಸೂಜಿ ಎಣಿಸುತ್ತ ಕೊಡಗಿನಲ್ಲಿ ಐದು ದಿನ

ಮೊದಲ ದಿನ, ಜುಲೈ 30: ಮೈಸೂರಿನಿಂದ ಮಡಿಕೇರಿ

ಹುಣಸೂರು ದಾಟುವವರೆಗೆ ಮಳೆ ಇರಲಿಲ್ಲ. ಪಿರಿಯಾಪಟ್ಟಣದಲ್ಲಿ ತುಂತುರು ಶುರುವಾಯಿತು. ಕುಶಾಲನಗರದಲ್ಲಿ ಕಾವೇರಿ ದಾಟಿದ ಮೇಲೆ ವೈಪರ್ ನಿಲ್ಲಲೇ ಇಲ್ಲ. ಸುಂಟಿಕೊಪ್ಪದಿಂದಾಚೆ ಮಂಜು, ತಿರುವು, ಎರಡೂ ಕಡೆ ಮಳೆ ಹೀರಿ ಕಪ್ಪಾದ ಸಿಲ್ವರ್ ಓಕ್ ಮರಗಳು. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಕೊಡಗು ಹೀಗೇ.

ವ್ಯಾನಿನಲ್ಲಿ ಆರು ಜನ: ಅಕ್ಯುಪಂಕ್ಚರ್ ಕಲಿತವರು ಇಬ್ಬರು, ಆಯುರ್ವೇದ ವೈದ್ಯೆ, ಯೋಗ ಶಿಕ್ಷಕರು, ನರ್ಸ್, ಚಾಲಕರು. ಸೂಜಿ ಚುಚ್ಚುವವರು ಸೂಜಿಯ ಲೆಕ್ಕ ಇಡಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಕೈ ಒಂದು ಕಡೆ, ಗಮನ ಇನ್ನೊಂದು ಕಡೆ ಇದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಲೆಕ್ಕದ ಪುಸ್ತಕ ಚಾಲಕರ ಕೈಯಲ್ಲಿ.

ಭಯ, ನಿದ್ದೆಗೇಡಿಗೆ ಕಿವಿಯ ಸೂಜಿ, ಉಸಿರಾಟ, ಕಾಲಿಗೆ ಎಣ್ಣೆಯ ಶಿಬಿರ ನಡೆಸಲು ಹೊರಟದ್ದು ಮೂರು ಬಗೆಯ ಜನರಿಗಾಗಿ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಎರಡನೇ ಮೊಣ್ಣಂಗೇರಿ ಕಡೆ ಗುಡ್ಡ ಜಾರಿದಾಗ ಮನೆ ಕಳೆದುಕೊಂಡು, ಆಮೇಲೆ ಸರ್ಕಾರದ ಬಡಾವಣೆಗಳಿಗೆ ಬಂದವರು ಒಂದು ಬಗೆ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಪೆರಾಜೆ, ಕರಿಕೆ ಸುತ್ತ ನೆಲ ಮತ್ತೆ ಮತ್ತೆ ನಡುಗಿದಾಗ ಮನೆಯಿಂದ ಹೊರಗೋಡಿದವರು ಇನ್ನೊಂದು. ಮೂರನೆಯವರು ಕಾಫಿ ತೋಟದ ಲೈನ್ ಮನೆಗಳವರು, ಅಂದರೆ ಕೆಲಸದವರ ಸಾಲುಮನೆಗಳಲ್ಲಿ ಇರುವವರು. ಬರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿದಾಗ ಇವರ ಹೆಸರು ಯಾವ ಪಟ್ಟಿಯಲ್ಲೂ ತಡವಾಗಿಯೇ ಬರುತ್ತದೆ. ಎಷ್ಟು ವರ್ಷ ಕಳೆದರೂ ಕಕ್ಕಡದ ಮಳೆ ಹಂಚಿನ ಮೇಲೆ ಬಡಿಯತೊಡಗಿದರೆ ನಿದ್ದೆ ಹೋಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕುತ್ತಿಗೆ ಬಿಗಿಯುತ್ತದೆ, ಹೊಟ್ಟೆ ತೊಳಸುತ್ತದೆ. ಗುಡ್ಡದ ಬುಡದ ಗಂಜಿ ಕೇಂದ್ರದಲ್ಲೂ ಕಡಲ ತೀರದ ಶಿಬಿರದಲ್ಲೂ ಕೇಳಿಬರುವ ದೂರುಗಳು ಇವೇ.

ಬೇರೆ ವೈದ್ಯ ಪದ್ಧತಿಗಳವರು ಇಂಥ ಕಡೆ ಹೋಗುವುದು ಹೊಸದಲ್ಲ. ಈ ಶಿಬಿರದಲ್ಲಿ ಬಳಸುವ, ಕಿವಿಯ ಐದು ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಪದ್ಧತಿ ಬೆಳೆದದ್ದು 1970ರ ದಶಕದಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯಲ್ಲಿ, ಮಾದಕ ವ್ಯಸನ ಬಿಡಿಸುವ ವಿಭಾಗದಲ್ಲಿ. ಮನೋವೈದ್ಯ ಮೈಕೆಲ್ ಸ್ಮಿತ್ ಅದಕ್ಕೆ ಕ್ರಮ ಕೊಟ್ಟರು. 1985ರಲ್ಲಿ ಅದನ್ನು ಕಲಿಸುವ 'ನಾಡಾ' ಸಂಸ್ಥೆ ಹುಟ್ಟಿತು. 2005ರ ಕತ್ರಿನಾ ಚಂಡಮಾರುತದ ಬಳಿಕ 'ಅಕ್ಯುಪಂಕ್ಚರಿಸ್ಟ್ಸ್ ವಿದೌಟ್ ಬಾರ್ಡರ್ಸ್' ಎಂಬ ತಂಡ ಇದೇ ಪದ್ಧತಿಯನ್ನು ಬೀದಿಗೆ, ಶಿಬಿರಕ್ಕೆ ಒಯ್ದಿತು. 2010ರಲ್ಲಿ ಹೈಟಿಯ ಭೂಕಂಪದ ನಂತರವೂ ಹೋಯಿತು. ಜಪಾನಿನಲ್ಲಿ 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನಂತರ ಪರವಾನಗಿ ಇರುವ ಅಕ್ಯುಪಂಕ್ಚರ್ ಮತ್ತು ಅಂಗಮರ್ದನದವರು ಆಶ್ರಯ ಕೇಂದ್ರಗಳಲ್ಲಿ ಕೆಲಸ ಮಾಡಿದರು. ಗಟ್ಟಿ ನೆಲದ ಮೇಲೆ ವಾರಗಟ್ಟಲೆ ಮಲಗಿದ ಮುದುಕರ ಭುಜ, ಸೊಂಟಕ್ಕೇ ಅವರ ಹೆಚ್ಚಿನ ಸಮಯ ಹೋಗುತ್ತಿತ್ತು.

ರಾತ್ರಿ ಮಡಿಕೇರಿಯಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಿದ್ದಾಯಿತು. ಸೂಜಿ 0.20 ಮಿಲಿಮೀಟರ್ ದಪ್ಪ, 13 ಮಿಲಿಮೀಟರ್ ಉದ್ದ, ಒಂದೊಂದು ಸೀಲಿನಲ್ಲಿ (ಮುಚ್ಚಿದ ಪೊಟ್ಟಣದಲ್ಲಿ) ಐದು, ಒಟ್ಟು 300 ಸೀಲು, ಅಂದರೆ 1,500 ಸೂಜಿ. ಒಂದು ಕಿವಿಗೆ ಒಂದು ಸೀಲು ಎಂದು ಲೆಕ್ಕ ಸುಲಭ. ಜೊತೆಗೆ ಸ್ಪಿರಿಟ್ ಹತ್ತಿ, ಒಣ ಹತ್ತಿ, ಕೈಗವಸು, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ (2016ರ ಜೈವಿಕ ತ್ಯಾಜ್ಯ ನಿಯಮದಲ್ಲಿ ಸೂಜಿಗೆ ಇದೇ ಬಣ್ಣ), ರಕ್ತ ಹತ್ತಿದ ಹತ್ತಿಗೆ ಹಳದಿ ಚೀಲ, ಹಣೆಗೆ ಕಟ್ಟುವ ಟಾರ್ಚ್ ಮೂರು, ಬಿಪಿ ಯಂತ್ರ ಎರಡು, ಸಕ್ಕರೆ ನೋಡುವ ಯಂತ್ರ ಒಂದು, ಎಳ್ಳೆಣ್ಣೆ ಐದು ಲೀಟರ್, ಹಳೆಯ ಬಿಳಿ ಪಂಚೆ ಹತ್ತು. ಪಂಚೆ ಯಾಕೆಂದರೆ, ಕುರ್ಚಿಯ ಕೆಳಗೆ ಬಿಳಿ ಬಟ್ಟೆ ಹಾಸದಿದ್ದರೆ ಬಿದ್ದ ಸೂಜಿ ಕಾಣುವುದಿಲ್ಲ. ಆಯಸ್ಕಾಂತ ಆಡಿಸಿದರೆ ಸಾಕು ಎನ್ನುವವರಿದ್ದಾರೆ. ಈ ಸೂಜಿಗಳ ಸ್ಟೀಲು ಆಯಸ್ಕಾಂತಕ್ಕೆ ಅರೆಮನಸ್ಸಿನಿಂದ ಅಂಟುತ್ತದೆ. ಕೆಲವು ಬರುತ್ತವೆ, ಕೆಲವು ಅಲ್ಲೇ ಉಳಿಯುತ್ತವೆ. ಕೊಡಗಿನಲ್ಲಿ ಮನೆಯೊಳಗೆ ಬರಿಗಾಲು. ಉಳಿದ ಒಂದೇ ಸೂಜಿ ಸಾಕು.

ಎರಡನೇ ದಿನ, ಜುಲೈ 31: ಮದೆನಾಡು ಕಡೆ

ಮಡಿಕೇರಿಯಿಂದ ಮಂಗಳೂರು ರಸ್ತೆಯಲ್ಲಿ ಇಳಿದರೆ ಮದೆನಾಡು. 2018ರ ನಂತರ ಪುನರ್ವಸತಿಗಾಗಿ ಮನೆ ಕಟ್ಟಿದ ಜಾಗಗಳಲ್ಲಿ ಕರ್ಣಂಗೇರಿ, ಜಂಬೂರಿನ ಜೊತೆ ಇದೂ ಒಂದು. ಒಂದೇ ಅಚ್ಚಿನ ಸಾಲು ಮನೆಗಳು, ಎದುರಿಗೆ ಎರಡು ಹೆಜ್ಜೆ ಅಂಗಳ. ಅದರಲ್ಲೂ ಡೇಲಿಯಾ, ಕಾಳುಮೆಣಸಿನ ಬಳ್ಳಿ.

ಬೆಳಗ್ಗೆ ಒಂಬತ್ತಕ್ಕೆ ಸಭಾಂಗಣದಲ್ಲಿ ಮೊದಲು ಹಾಕಿದ್ದು ನರ್ಸಿನ ಮೇಜು. ಕೇಳುವುದು ಮೂರೇ ಪ್ರಶ್ನೆ: ದಿನಾ ಯಾವ ಮಾತ್ರೆ ತಗೊಳ್ತೀರಿ? ಕೊನೆಗೆ ತಗೊಂಡದ್ದು ಯಾವಾಗ? ಈಗ ಕೈಯಲ್ಲಿ ಇದೆಯಾ? ದುರಂತವಾದ ಮೊದಲ ವಾರದಲ್ಲಿ ಪ್ರಾಣಕ್ಕೆ ಬರುವುದು ಹೆಚ್ಚಾಗಿ ಈ ಮೂರನೆಯ ಪ್ರಶ್ನೆಯೇ. ಮನೆಯ ಜೊತೆ ಬಿಪಿ ಮಾತ್ರೆ, ಇನ್ಸುಲಿನ್, ಮೂರ್ಛೆರೋಗದ ಮಾತ್ರೆ ಮಣ್ಣಿನಡಿ ಹೋಗಿರುತ್ತವೆ. ಮೂರ್ಛೆಯ ಮಾತ್ರೆ ಎರಡು ದಿನ ತಪ್ಪಿದರೆ ಶಿಬಿರದಲ್ಲೇ ಫಿಟ್ಸ್ ಬರಬಹುದು. ಅದಕ್ಕೆ ಕಿವಿಯ ಸೂಜಿಯೂ ಇಲ್ಲ, ಕಷಾಯವೂ ಇಲ್ಲ. ಬಿಪಿ 180/110 ದಾಟಿದವರಿಗೆ ಸೂಜಿ ಹಾಕದೆ ಆಸ್ಪತ್ರೆಯ ಚೀಟಿ ಬರೆದುಕೊಡಬೇಕು. ರಕ್ತ ತೆಳುವಾಗುವ ಮಾತ್ರೆಯವರ ಹೆಸರಿನ ಮುಂದೆ ಕೆಂಪು ಗುರುತು. ಗರ್ಭಿಣಿಯರಿಗೆ ಸೂಜಿ ಬೇಡ; ಉಸಿರು, ಕಾಲೊತ್ತುವುದು ಸಾಕು.

ಎರಡನೆಯ ಮೇಜಿನಲ್ಲಿ ಒಂದು ಡಬ್ಬಿ ಕಾಫಿ ಬೀಜ. ಭಯ ಎಷ್ಟು ಎಂದು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕೇಳಿದರೆ ಕಾಗದ ನೋಡಿ ಗಾಬರಿಯಾಗುವವರೇ ಹೆಚ್ಚು. ಹತ್ತು ಬೀಜ ಕೈಗೆ ಕೊಟ್ಟು, "ನಿನ್ನೆ ರಾತ್ರಿ ಮಳೆ ಜೋರಾದಾಗ ಎಷ್ಟು ಭಾರ ಇತ್ತೋ ಅಷ್ಟು ತಟ್ಟೆಗೆ ಹಾಕಿ ಅಕ್ಕಾ" ಎಂದರೆ ಯೋಚನೆ ಮಾಡದೆ ಹಾಕುತ್ತಾರೆ. ಬೀಜದ ಸಂಖ್ಯೆ, ನಿದ್ದೆಯ ಗಂಟೆ, ಎರಡೇ ಅಂಕಿ ಪುಸ್ತಕಕ್ಕೆ. ಗುಡ್ಡ ಬಿದ್ದ ಕಥೆ ಕೇಳುವ ಹಾಗಿಲ್ಲ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಕೆದಕಬಾರದು. ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಹಳೆಯ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಬೇಡವೆನ್ನುತ್ತದೆ. ಕಿವಿಯ ಸೂಜಿ ಶಿಬಿರಕ್ಕೆ ಒಗ್ಗಿದ್ದೂ ಇದೇ ಕಾರಣಕ್ಕೆ: ಅಲ್ಲಿ ಬಾಯಿ ಬಿಡಬೇಕಾಗಿಲ್ಲ, ಬಟ್ಟೆ ಸರಿಸಬೇಕಾಗಿಲ್ಲ, ಮಲಗಬೇಕಾಗಿಲ್ಲ.

ಕುರ್ಚಿ ಹದಿಮೂರು, ದುಂಡಗೆ. ನಡುವೆ ಎರಡೆರಡು ಅಡಿ ಜಾಗ, ಚುಚ್ಚುವವರು ಎರಡೂ ಬದಿಯಿಂದ ಬರುವಂತೆ. ಬೆನ್ನು ಬಾಗಿಲಿನ ಕಡೆ ಬಾರದಂತೆ ಕೂರಿಸುವುದು ಮುಖ್ಯ. ಗುಡ್ಡದಿಂದ ಓಡಿಬಂದವರಿಗೆ ಹೊರದಾರಿ ಕಣ್ಣಿಗೆ ಬೀಳುತ್ತಿರಬೇಕು. ಹೊಟ್ಟೆಯಲ್ಲಿ ಏನೂ ಇಲ್ಲದವರಿಗೆ ಮೊದಲು ಗಂಜಿ, ಕಾದು ಅರ್ಧ ಗಂಟೆ ಕಳೆದ ಮೇಲೆ ಸೂಜಿ. ಖಾಲಿ ಹೊಟ್ಟೆಗೆ ಚುಚ್ಚಿದರೆ ಬೆವರಿ, ಕಣ್ಣು ಕತ್ತಲಿಟ್ಟು ಒರಗುತ್ತಾರೆ. ಹಾಗಾದರೆ ಸೂಜಿಗಳನ್ನೆಲ್ಲ ತೆಗೆದು, ಮಲಗಿಸಿ, ಕಾಲು ಎತ್ತರಕ್ಕಿಟ್ಟರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಸುತ್ತ ಕೂತ ಹನ್ನೆರಡು ಮಂದಿಯ ಧೈರ್ಯ ಅಷ್ಟರಲ್ಲಿ ಎದ್ದು ಹೋಗಿರುತ್ತದೆ.

ಇನ್ನು ಐದು ಬಿಂದು. ಕಿವಿಯ ಮೇಲ್ಭಾಗದಲ್ಲಿ ತ್ರಿಕೋನದಂಥ ತಗ್ಗಿದೆ. ಅದರ ಮೇಲಿನ ಭಾಗದಲ್ಲಿ ಶೆನ್‌ಮೆನ್. ಆ ತಗ್ಗಿನ ಕೆಳಗಿನ ಏಣು ಮುಂದೆ ಹೋಗಿ ಹೊರ ಅಂಚಿನ ಮಡಿಕೆಯ ಅಡಿಗೆ ಸೇರುವಲ್ಲಿ ಸಿಂಪಥೆಟಿಕ್. ಏಣಿನ ಕೆಳಗೆ, ಮೇಲಿನ ಬಟ್ಟಲಿನಲ್ಲಿ ಮೂತ್ರಪಿಂಡದ ಬಿಂದು. ಅದೇ ಬಟ್ಟಲಿನ ಹಿಂದಿನ ಅಂಚಿನಲ್ಲಿ ಯಕೃತ್ತಿನದು. ಕಿವಿತೂತಿನ ಪಕ್ಕದ ಕೆಳ ಬಟ್ಟಲಿನಲ್ಲಿ ಶ್ವಾಸಕೋಶದ್ದು. ಹೆಸರು ಕೇಳಿ ಯಕೃತ್ತಿಗೆ ಮದ್ದು ಎಂದು ಯಾರೂ ತಿಳಿಯಬಾರದು. ಅವು ಚೀನೀ ಪದ್ಧತಿಯ ಗುರುತುಗಳು. ಕಿವಿಯ ಬಟ್ಟಲಿಗೆ ವೇಗಸ್ ನರದ ಒಂದು ಕವಲು ಬರುವುದರಿಂದ ಎದೆಬಡಿತ ಶಾಂತವಾಗಬಹುದು ಎಂಬ ವಿವರಣೆ ಇದೆ. ಅದು ಇನ್ನೂ ತೀರ್ಮಾನವಾದ ಮಾತಲ್ಲ. ಅರ್ಧ ಗಂಟೆ ಯಾರೂ ಏನೂ ಕೇಳದೆ ಸುಮ್ಮನೆ ಕೂರಲು ಬಿಟ್ಟದ್ದರ ಪಾಲು ಎಷ್ಟು, ಸೂಜಿಯ ಪಾಲು ಎಷ್ಟು ಎಂದು ಬೇರ್ಪಡಿಸುವುದೂ ಕಷ್ಟ.

ಸ್ಪಿರಿಟ್ ಒರೆಸಿ ಅರ್ಧ ನಿಮಿಷ ಆರಲು ಬಿಡಬೇಕು. ಹಸಿ ಇದ್ದಾಗ ಚುಚ್ಚಿದರೆ ಉರಿಯುತ್ತದೆ, ಉರಿದದ್ದು ಸೂಜಿಯ ತಪ್ಪಾಗುತ್ತದೆ. ಮಳೆಗಾಲದಲ್ಲಿ ತಲೆಗೆ ಸುರಿದುಕೊಂಡ ತೆಂಗಿನೆಣ್ಣೆ ಕಿವಿಯವರೆಗೆ ಇಳಿದಿರುತ್ತದೆ. ಅಂಥವರ ಕಿವಿ ಎರಡು ಸಲ ಒರೆಸಬೇಕು. ಉಸಿರು ಬಿಡುವಾಗ ಚುಚ್ಚುವುದು, ಆಳ ಒಂದರಿಂದ ಮೂರು ಮಿಲಿಮೀಟರ್, ಸೂಜಿ ತಾನಾಗಿ ನಿಂತರೆ ಸಾಕು. ಮೃದ್ವಸ್ಥಿಯನ್ನು ದಾಟಿ ಆಚೆ ಹೋಗಕೂಡದು. ಐದರಲ್ಲಿ ಹೆಚ್ಚು ನೋಯುವುದು ಸಿಂಪಥೆಟಿಕ್. ಮೊದಲ ಸಲ ಕೂತು ಹೆದರಿದವರಿಗೆ ಅದನ್ನು ಬಿಟ್ಟು ನಾಲ್ಕೇ ಹಾಕುವುದು ವಾಸಿ. ಜುಮುಕಿ, ಓಲೆ ತೆಗೆಸಬೇಕಾಗಿಲ್ಲ, ಹಾಲೆಗೆ ಯಾವ ಬಿಂದುವೂ ಇಲ್ಲ. ಹೊತ್ತು 30ರಿಂದ 40 ನಿಮಿಷ.

ಎರಡು ಸರದಿಯಲ್ಲಿ 26 ಮಂದಿ. ಇಪ್ಪತ್ತು ಜನಕ್ಕೆ ಹತ್ತರಂತೆ, ಆರು ಜನಕ್ಕೆ ಎಂಟರಂತೆ, 248 ಸೂಜಿ. ತೆಗೆದದ್ದು 247. ಬಾಗಿಲು ಹಾಕಿ, ಪಂಚೆ ಜಾಡಿಸಿ, ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು ನೋಡಿದ್ದಾಯಿತು. ಅಡ್ಡ ಬೆಳಕಿನಲ್ಲಿ ಸೂಜಿಗೆ ಉದ್ದನೆಯ ನೆರಳು ಬೀಳುತ್ತದೆ, ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದು. ನೆಲದಲ್ಲಿ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಒಬ್ಬ ಅಜ್ಜಿಯ ತಲೆವಸ್ತ್ರದ ಮಡಿಕೆಯಲ್ಲಿ. ಚಳಿಗೆ ಸೂಜಿಯ ಮೇಲೆಯೇ ವಸ್ತ್ರ ಎಳೆದುಕೊಂಡಿದ್ದರು. ಮರುದಿನದಿಂದ ಟೋಪಿ, ವಸ್ತ್ರ, ಮಾಸ್ಕು ಎಲ್ಲ ಮೊದಲೇ ತೆಗೆಸಿ, ಹೆಗಲಿಗೊಂದು ಶಾಲು ಹೊದಿಸುವುದೆಂದು ಪುಸ್ತಕದಲ್ಲಿ ಬರೆದಿದೆ. ನಾಲ್ಕೇ ಬಿಂದು ಹಾಕಿದವರ ಸೀಲಿನಲ್ಲಿ ಉಳಿದ ಹನ್ನೆರಡು ಸೂಜಿಯೂ ಬಿಳಿ ಡಬ್ಬಿಗೆ. ಒಡೆದ ಸೀಲಿನ ಸೂಜಿ ಇನ್ನೊಬ್ಬರಿಗೆ ಹೋಗಬಾರದು.

ಮನೆಗೆ ಹೋಗುವಾಗ ಹೇಳಬೇಕಾದ್ದು ಒಂದೇ: ಎರಡು ಮೂರು ದಿನದಲ್ಲಿ ಕಿವಿ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋವಾದರೆ ಕೂಡಲೇ ಆಸ್ಪತ್ರೆ. ಕಿವಿಯ ಮೃದ್ವಸ್ಥಿಗೆ ರಕ್ತದ ಹರಿವು ಕಡಿಮೆ. ಅಲ್ಲಿ ಸೋಂಕು ಕೂತರೆ ಅರಿಸಿನ ಹಚ್ಚಿ ಕಾಯುವ ಹಾಗಿಲ್ಲ, ಕಿವಿಯ ಆಕಾರವೇ ಹೋಗಬಹುದು.

ಮೂರನೇ ದಿನ, ಆಗಸ್ಟ್ 1: ಘಾಟಿ ಇಳಿದು ಚೆಂಬು

ಜೋಡುಪಾಲದಲ್ಲಿ ವ್ಯಾನು ನಿಧಾನ ಮಾಡಿತು. ಹಸಿರು ಮತ್ತೆ ಹೊದ್ದುಕೊಂಡಿದ್ದರೂ ಗುಡ್ಡದ ಮೈಮೇಲಿನ ಗಾಯ ಕಾಣುತ್ತದೆ. 2018ರ ಜುಲೈ 9ರಂದು ಕೊಡಗಿನಲ್ಲಿ ಲಘು ಕಂಪನ ಆಗಿತ್ತು, ತಿಂಗಳು ಕಳೆದು ಗುಡ್ಡ ಜಾರಿತು. ಎರಡಕ್ಕೂ ನಂಟು ಹಾಕುವವರು ಇಂದಿಗೂ ಇದ್ದಾರೆ. ಭೂವಿಜ್ಞಾನ ಸರ್ವೇಕ್ಷಣೆಯವರು ಬೊಟ್ಟು ಮಾಡಿದ್ದು ಅತಿಮಳೆಯ ಜೊತೆ ಇಳಿಜಾರನ್ನು ಕಡಿದು ಮಾಡಿದ ರಸ್ತೆ, ಮನೆ ತಳಗಳ ಕಡೆಗೆ.

ಸಂಪಾಜೆಯಲ್ಲಿ ಹವೆಯೇ ಬೇರೆ. ಸೆಕೆ, ಅಡಿಕೆ ತೋಟ, ಅರೆಭಾಷೆ, ತುಳು. ಚೆಂಬು ಕಡೆಯ ಶಾಲೆಯ ಜಗಲಿಯಲ್ಲಿ ಜನ ಮೊದಲೇ ಕೂತಿದ್ದರು. ಇಲ್ಲಿ 2022ರಲ್ಲಿ ಆದ ಕಂಪನಗಳು 3ರ ಆಸುಪಾಸಿನ ತೀವ್ರತೆಯವು. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಆಗಿ ಸುನಾಮಿ ಎಬ್ಬಿಸಿದ್ದು 9.1. ಒಂದೊಂದು ಅಂಕಿಗೆ ಶಕ್ತಿ ಸುಮಾರು 32 ಪಟ್ಟು ಏರುವುದರಿಂದ ಇವೆರಡರ ನಡುವಿನ ಅಂತರ ನೂರು ಕೋಟಿ ಪಟ್ಟಿಗೂ ಮೇಲೆ. ಎದೆಗೆ ಈ ಲೆಕ್ಕ ಗೊತ್ತಿಲ್ಲ. ಅದರಲ್ಲೂ ಇಲ್ಲಿಯ ಕಂಪನ ಭೂಮಿಯೊಳಗಿಂದ ಗುಡುಗಿದಂಥ ಸದ್ದಿನೊಂದಿಗೆ ಬಂದದ್ದು. ಪಾತ್ರೆ ಅದುರಿದ್ದಕ್ಕಿಂತ ಆ ಸದ್ದೇ ಜನರ ನೆನಪಿನಲ್ಲಿ ಉಳಿದಿದೆ.

ಆದ್ದರಿಂದ ಉಸಿರಾಟದ ತರಗತಿಯಲ್ಲಿ ಭ್ರಾಮರಿಯನ್ನು ಕೈಬಿಡಬೇಕಾಯಿತು. ಇಪ್ಪತ್ತು ಜನ ಒಟ್ಟಿಗೆ ಗಂಟಲಲ್ಲಿ ಗುಂಯ್ ಎಂದರೆ ಹಂಚಿನ ಸೂರಿನಡಿ ಹುಟ್ಟುವ ಸದ್ದು ಹೇಗಿರುತ್ತದೆಂದು ಯೋಗ ಶಿಬಿರ ನಡೆಸಿದವರಿಗೆಲ್ಲ ಗೊತ್ತು. ನಗರದ ತರಗತಿಯಲ್ಲಿ ಅದು ಹಿತ. ಇಲ್ಲಿ ಮೊದಲ ಸುತ್ತಿಗೇ ಇಬ್ಬರು ಎದ್ದು ಅಂಗಳಕ್ಕೆ ನಡೆದರು. ಮಾಡಿಸಬೇಕಾದದ್ದು ಇಷ್ಟೇ: ಪಾದ ನೆಲಕ್ಕೂರಿ ಕೂರುವುದು, ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ, ದಿನಕ್ಕೆ ಮೂರು ಸಲ. ಉಸಿರು ಹಿಡಿಯುವುದು ಬೇಡ. ಭಸ್ತ್ರಿಕೆಯಂಥ ಬಿರುಸು ಉಸಿರು ಮೊದಲ ದಿನಗಳಲ್ಲಿ ಖಂಡಿತ ಬೇಡ. ಅದರಿಂದ ಎದೆ ಹಾರುತ್ತದೆ, ಬೆರಳು ಜುಮ್ಮೆನ್ನುತ್ತದೆ, ಹೆದರಿದ ಮೈಗೆ ಅದೇ ಭಯ ಮರಳಿ ಬಂದಂತಾಗುತ್ತದೆ. ಕಣ್ಣು ಮುಚ್ಚಿ ಎಂದು ಒತ್ತಾಯಿಸಬಾರದು. ಮುಚ್ಚಿದ ಕಣ್ಣಿನೊಳಗೆ ಗುಡ್ಡ ಮತ್ತೆ ಬೀಳುವವರಿಗೆ ಎದುರಿನ ಅಡಿಕೆ ಮರ ನೋಡುತ್ತ ಮಾಡಿ ಎಂದರೆ ಸರಿ.

2004ರ ಆ ಸುನಾಮಿಯ ನಂತರ ಈ ಉಸಿರಿನ ಕೆಲಸವನ್ನು ಅಳೆದು ನೋಡಿದವರಿದ್ದಾರೆ. ಯೋಗ ಸಂಶೋಧಕಿ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು ಅಂಡಮಾನಿನ ಶಿಬಿರದಲ್ಲಿ 47 ಮಂದಿಗೆ ಒಂದು ವಾರ ಯೋಗ ಮಾಡಿಸಿ, ಭಯ, ಆತಂಕ, ದುಃಖ, ನಿದ್ದೆಗೇಡು ತಗ್ಗಿದವೆಂದು 2007ರಲ್ಲಿ ಪ್ರಕಟಿಸಿದರು. ಯೋಗ ಮಾಡದ ಇನ್ನೊಂದು ಗುಂಪಿನ ಹೋಲಿಕೆ ಅದರಲ್ಲಿ ಇರಲಿಲ್ಲ. ವಾರ ಕಳೆದರೆ ತಾನಾಗಿ ತಗ್ಗುವ ಭಯವೂ ಉಂಟಲ್ಲ. ನಾಗಪಟ್ಟಣದ ಶಿಬಿರಗಳಲ್ಲಿ 183 ಮಂದಿಯ ಮೇಲೆ ನಡೆದು 2010ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಸರದಿಗಾಗಿ ಕಾಯುತ್ತಿದ್ದ ಗುಂಪನ್ನೂ ಅಳೆದಿದ್ದರು. ಉಸಿರಾಟ ಕಲಿತವರಲ್ಲಿ ಇಳಿಕೆ ಸ್ಪಷ್ಟವಾಗಿತ್ತು. ಆದರೆ ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿ ಆದದ್ದಲ್ಲ, ಶಿಬಿರಕ್ಕೊಂದು ಗುಂಪು. ಹೀಗೆ ಒಳ್ಳೆಯ ಸುಳಿವು ಇದೆ, ಗಟ್ಟಿ ಪುರಾವೆ ಇನ್ನೂ ಬೇಕು. ಜನರ ಮುಂದೆ ಇದಕ್ಕಿಂತ ದೊಡ್ಡ ಮಾತಾಡುವುದು ಸರಿಯಲ್ಲ.

ಸೂಜಿ ಹಾಕಿದ್ದು 22 ಮಂದಿಗೆ, ಪೂರ್ತಿ 220. ಮಕ್ಕಳಿಗೆ ಸೂಜಿಯ ಬದಲು ಬೀಜ: ವ್ಯಾಕೇರಿಯಾ ಎಂಬ ಗಿಡದ ಕಪ್ಪು ಕಾಳನ್ನು ಚಿಕ್ಕ ಪ್ಲಾಸ್ಟರಿನಲ್ಲಿ ಶೆನ್‌ಮೆನ್ ಮೇಲೆ ಅಂಟಿಸಿ, ದಿನಕ್ಕೆ ಮೂರು ಸಲ ಹತ್ತು ಹತ್ತು ಬಾರಿ ಒತ್ತಿಕೊಳ್ಳಲು ಹೇಳುವುದು. ಸಾಸಿವೆ ಅಂಟಿಸುವವರೂ ಇದ್ದಾರೆ. ಕಕ್ಕಡದ ತೇವಕ್ಕೆ ಸಾಸಿವೆ ಉಬ್ಬಿ ಪ್ಲಾಸ್ಟರನ್ನೇ ಎಬ್ಬಿಸುತ್ತದೆ. ಇನ್ನೆರಡು ದಿನ ಬಿಟ್ಟರೆ ಕಿವಿಯಲ್ಲೇ ಪೈರು. ಮಳೆಗಾಲದಲ್ಲಿ ಯಾವ ಬೀಜವನ್ನೂ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು, ಅಡಿಯ ಚರ್ಮ ಬೆಳ್ಳಗೆ ನೆಂದು ಸುಲಿಯುತ್ತದೆ. ಐದು ವರ್ಷದೊಳಗಿನವರಿಗೆ ಬೇಡವೇ ಬೇಡ. ಕಿತ್ತು ಕಿವಿಯೊಳಗೋ ಮೂಗಿನೊಳಗೋ ತೂರಿಸಿಕೊಳ್ಳುತ್ತಾರೆ.

ಮಧ್ಯಾಹ್ನ ಗಾಳಿಮಳೆಗೆ ಜಗಲಿಯ ಅಂಚಿನಲ್ಲಿದ್ದ ಪೆಟ್ಟಿಗೆಗೆ ನೀರು ಸಿಡಿಯಿತು. ಕಾಗದದ ಬೆನ್ನು ನೆಂದ ಒಂದು ಸೀಲನ್ನು ಒಡೆಯದೆಯೇ ಡಬ್ಬಿಗೆ ಹಾಕಬೇಕಾಯಿತು. ಕಾಗದ ಒಮ್ಮೆ ನೆಂದರೆ ಒಣಗಿದ ಮೇಲೂ ಒಳಗಿನ ಸೂಜಿ ಶುದ್ಧವೆಂದು ನಂಬುವಂತಿಲ್ಲ.

ನಾಲ್ಕನೇ ದಿನ, ಆಗಸ್ಟ್ 2: ಮಾದಾಪುರ ದಾರಿಯ ಲೈನ್ ಮನೆಗಳು

ಸುಂಟಿಕೊಪ್ಪದಿಂದ ಸೋಮವಾರಪೇಟೆ ಕಡೆ ಹೋಗುವ ರಸ್ತೆ. ತೋಟದೊಳಗೆ ವ್ಯಾನು ಹೋಗದೆ ಸಾಮಾನು ಹೊತ್ತು ನಡೆಯಬೇಕಾಯಿತು. ಲೈನ್ ಮನೆಯಲ್ಲಿ ಭಾಷೆಗಳ ಸಂತೆ: ಯರವ, ತಮಿಳು, ಮಲಯಾಳ, ಈಚೆಗೆ ಅಸ್ಸಾಮಿನಿಂದ ಬಂದವರ ಮಾತು. ಹೇಳಿಕೆಗಳನ್ನೆಲ್ಲ ಬದಿಗಿಟ್ಟು ಮಾಡಿ ತೋರಿಸುವುದೇ ದಾರಿ. ಕಾಫಿ ಬೀಜದ ಅಳತೆಗೆ ಮಾತ್ರ ಭಾಷೆ ಬೇಕಾಗಲಿಲ್ಲ.

ಇಲ್ಲಿ ದೊಡ್ಡ ಕೆಲಸ ಕಾಲಿನದು. ಇಡೀ ದಿನ ಕೆಸರಿನಲ್ಲಿ ನಿಂತ ಕಾಲು, ಸಂಜೆ ಒದ್ದೆ ಗೋಡೆಯ ಮನೆ. ಪಾದಕ್ಕೆ ಎಣ್ಣೆ ಉಜ್ಜುವ ಪಾದಾಭ್ಯಂಗ ನಿದ್ದೆಗೆ ಹಿತವೆಂಬುದು ಆಯುರ್ವೇದದ ಹಳೆಯ ಮಾತು, ಮತ್ತು ಹೆದರಿದವರಿಗೆ ಮುಟ್ಟಿಸಿಕೊಳ್ಳಲು ಅತಿ ಕಡಿಮೆ ಸಂಕೋಚದ ಜಾಗ ಪಾದ. ಆದರೂ ಕೇಳದೆ ಮುಟ್ಟಬಾರದು, ಹೆಂಗಸರಿಗೆ ಹೆಂಗಸರೇ.

ಕ್ರಮ ಹೀಗೆ. ಮೊದಲು ಬೆರಳ ಸಂದಿ ಬಿಡಿಸಿ ನೋಡುವುದು. ಬೆಳ್ಳಗೆ ಕೊಳೆತು ನಾರುವ ಕೆಸರುಹುಣ್ಣು ಇದ್ದರೆ ಅಲ್ಲಿ ಎಣ್ಣೆ ಬೀಳಬಾರದು. ಎಣ್ಣೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಹುಣ್ಣು ಹರಡುತ್ತದೆ. ಅದಕ್ಕೆ ಸೋಪು ನೀರಿನಲ್ಲಿ ತೊಳೆದು, ಸಂದಿಯನ್ನೆಲ್ಲ ಒಣಬಟ್ಟೆಯಲ್ಲಿ ಒತ್ತಿ, ಶಿಲೀಂಧ್ರದ ಮುಲಾಮು. ಹುಣ್ಣಿಲ್ಲದ ಕಾಲಿಗೆ ಎಳ್ಳೆಣ್ಣೆ 15 ಮಿಲಿಲೀಟರ್, ಎರಡೂ ಪಾದಕ್ಕೆ ಸೇರಿ. ಹೆಚ್ಚು ಸುರಿದರೆ ಉಪಯೋಗವೇನೂ ಹೆಚ್ಚುವುದಿಲ್ಲ, ಸಿಮೆಂಟು ನೆಲದಲ್ಲಿ ಜಾರಿ ಬೀಳುವುದಷ್ಟೇ. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ನೇರ ಇಡಬಾರದು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೆ ಇರಬಹುದು, ಹಾಗಾಗಿ ಉಜ್ಜುವವರು ಮೊದಲು ತಮ್ಮ ಮಣಿಕಟ್ಟಿಗೆ ಹಾಕಿ ನೋಡಬೇಕು. ಒಂದು ಪಾದಕ್ಕೆ ಐದು ನಿಮಿಷ: ಹಿಮ್ಮಡಿಯಿಂದ ಬೆರಳಿನ ಕಡೆ ಹೆಬ್ಬೆರಳಿನಿಂದ ಒತ್ತುತ್ತ ಹೋಗಿ, ಕಣಕಾಲಿನ ಸುತ್ತ ಅಂಗೈಯಿಂದ ಸುತ್ತಿಸಿ, ಕೊನೆಗೆ ಒಣಬಟ್ಟೆಯಿಂದ ಪೂರ್ತಿ ಒರೆಸಿ, ಕಾಲುಚೀಲ ಅಥವಾ ಬಟ್ಟೆ ಸುತ್ತುವುದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಉಜ್ಜುವಂತೆಯೇ ಇಲ್ಲ. ರಕ್ತ ಹೆಪ್ಪುಗಟ್ಟಿದ್ದರೆ ಅಪಾಯ.

ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲದಿದ್ದರೆ ಗಾಬರಿ ಬೇಡ. ಅದರ ಎಂಜಲು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತೊಳೆದು, ಹತ್ತಿ ಒತ್ತಿ ಹಿಡಿದರೆ ಸಾಕು. ಕೆಂಪು ಗುರುತಿನವರಿಗೆ (ರಕ್ತ ತೆಳುವಾಗುವ ಮಾತ್ರೆಯವರಿಗೆ) ಮಾತ್ರ ಇದನ್ನೂ ಹಗುರವಾಗಿ ನೋಡಬಾರದು.

ಕಷಾಯದ ಹಂಡೆ ಹನ್ನೊಂದಕ್ಕೆ ಏರಿತು. ಅರವತ್ತು ಲೋಟ, ಲೋಟಕ್ಕೆ 100 ಮಿಲಿಲೀಟರ್, ಅಂದರೆ ಕೊನೆಗೆ ಆರು ಲೀಟರ್ ಉಳಿಯಬೇಕು. ಎಂಟು ಲೀಟರ್ ನೀರಿಗೆ ಕುಟ್ಟಿದ ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50, ಜಜ್ಜಿದ ಹಸಿಶುಂಠಿ 100, ಕಾಳುಮೆಣಸು 20. ಗ್ರಂಥದ ಪ್ರಕಾರ ಕಷಾಯವನ್ನು ಕಾಲು ಭಾಗಕ್ಕೆ ಇಳಿಸಬೇಕು, ಅದು ರೋಗಿಗೆ. ಶಿಬಿರದ್ದು ಕುಡಿಯುವ ಕಷಾಯ, ತೆಳುವಾಗಿರಲಿ. ಕೊಡಗಿನಲ್ಲಿ ಮೆಣಸು ಕೈಗೆ ಸಿಕ್ಕುವುದರಿಂದ ಹಿಡಿಗಟ್ಟಲೆ ಹಾಕುವ ಚಾಳಿ ಇದೆ. ಅರೆಹೊಟ್ಟೆಯವರಿಗೆ ಎದೆಯುರಿ ಬರುತ್ತದೆ. ಬೆಲ್ಲ ಹಂಡೆಗೆ ಹಾಕದೆ ಪಕ್ಕದಲ್ಲಿಡುವುದು, ಸಕ್ಕರೆ ಕಾಯಿಲೆಯವರು ಹಾಗೇ ಕುಡಿಯಲಿ. ನಿಜ ಹೇಳಬೇಕೆಂದರೆ ಈ ಹಂಡೆಯ ಮುಖ್ಯ ಮದ್ದು ಕುದಿದ ನೀರೇ. ಕುದಿಸಿ ಕುಡಿಯಿರಿ ಎಂದು ಬೋರ್ಡು ಬರೆದರೆ ಓದುವವರಿಲ್ಲ, ಶುಂಠಿ ಪರಿಮಳ ಬಂದರೆ ಲೋಟ ಹಿಡಿದು ಬರುತ್ತಾರೆ. ಮುಖಕ್ಕೆ ಹಬೆ ಹಿಡಿಸುವ ಪಾತ್ರೆಯನ್ನಂತೂ ಮಕ್ಕಳು ಓಡಾಡುವ ಇಕ್ಕಟ್ಟಿನಲ್ಲಿ ಇಡಲೇಬಾರದು.

ಸೂಜಿ 14 ಮಂದಿಗೆ, ಎಲ್ಲರೂ ಹೊಸಬರಾದ್ದರಿಂದ ನಾಲ್ಕೇ ಬಿಂದು, 112. ಸೀಲಿನಲ್ಲಿ ಉಳಿದ 28 ಡಬ್ಬಿಗೆ. ಹದಿನೈದನೆಯವರಾಗಿ ಸಾಲಿನಲ್ಲಿ ನಿಂತಿದ್ದ ಯುವಕನನ್ನು ನರ್ಸ್ ಹೊರಗೆ ಕರೆದರು. ಮೂರು ದಿನದ ಜ್ವರ, ಕೆಂಪು ಕಣ್ಣು, ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು. ಕಾಲು ಒತ್ತಿಸಿಕೊಂಡರೆ ಹೋದೀತು ಎಂದು ಬಂದಿದ್ದ. ಮಳೆ, ಕೆಸರು, ಇಲಿ ಇರುವ ಕಡೆ ಈ ಮೂರು ಲಕ್ಷಣ ಒಟ್ಟಿಗೆ ಕಂಡರೆ ಅದು ಇಲಿ ಜ್ವರ ಇರಬಹುದು, ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಹೋಗುತ್ತದೆ. ಎಣ್ಣೆ, ಸೂಜಿ, ಕಷಾಯ ಯಾವುದೂ ಇಲ್ಲದೆ ಅದೇ ವ್ಯಾನಿನಲ್ಲಿ ಆಸ್ಪತ್ರೆಗೆ ಕಳಿಸಿದ್ದಾಯಿತು. ವ್ಯಾನು ವಾಪಸ್ ಬರುವವರೆಗೆ ಎಲ್ಲರೂ ಮಳೆ ನೋಡುತ್ತ ಕೂತರು. ಪರ್ಯಾಯ ವೈದ್ಯದವರು ಶಿಬಿರಕ್ಕೆ ಬರುವಾಗ ಮೊದಲು ಕಲಿಯಬೇಕಾದ್ದು ಈ ಒಂದು ಜ್ವರದ ಗುರುತು. ಐದು ಬಿಂದು ಆಮೇಲೆ ಕಲಿತರೂ ನಡೆಯುತ್ತದೆ.

ಐದನೇ ದಿನ, ಆಗಸ್ಟ್ 3: ಕಕ್ಕಡ ಹದಿನೆಂಟು

ಮಡಿಕೇರಿ ಪೇಟೆಯಲ್ಲಿ ಬೆಳಗ್ಗೆಯೇ ಮದ್ದು ಸೊಪ್ಪಿನ ಕಟ್ಟುಗಳು. ಕಕ್ಕಡದ ಹದಿನೆಂಟನೇ ದಿನಕ್ಕೆ ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಎಂಬ ನಂಬಿಕೆ ಕೊಡಗಿನದು. ಸೊಪ್ಪನ್ನು ಬೇಯಿಸಿದರೆ ನೀರು ಕಡು ನೇರಳೆಯಾಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ. ಶಿಬಿರದವರಿಗೆ ಇದರಿಂದ ಒಂದು ಎಚ್ಚರಿಕೆ: ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಹೊರಗಿನಿಂದ ಬಂದ ವೈದ್ಯರು ರಕ್ತವೆಂದು ಹೌಹಾರುತ್ತಾರೆ. ತೋಟಕ್ಕೆ ಹೊಸದಾಗಿ ಬಂದ ಕೆಲಸದವರು ತಾವೇ ಹೆದರುತ್ತಾರೆ. ಆಗಸ್ಟ್ 3, 4ರಂದು ಕೆಂಪು ಮೂತ್ರ ಎಂದು ಬಂದವರಿಗೆ ಮೊದಲ ಪ್ರಶ್ನೆ: "ಪಾಯಸ ಉಂಡ್ರಾ?" ಇಲ್ಲವೆಂದರೆ, ಜ್ವರವೂ ಇದ್ದರೆ, ಮತ್ತೆ ಇಲಿ ಜ್ವರದ ಯೋಚನೆ. ಉಂಡೆ ಎಂದರೂ ಎರಡು ದಿನದಲ್ಲಿ ಬಣ್ಣ ತಿಳಿಯಾಗದಿದ್ದರೆ ಪರೀಕ್ಷೆ ಮಾಡಿಸಲೇಬೇಕು.

ಹಗಲು ಪೂರ್ತಿ ಆಶಾ ಕಾರ್ಯಕರ್ತೆಯರ ಜೊತೆ. ಒಂಬತ್ತು ಮಂದಿ ಬಂದಿದ್ದರು. ಸೂಜಿ ಕಲಿಸಿ ಎಂದು ಕೇಳಿದರು, ಕಲಿಸಲಿಲ್ಲ. ಒಂದು ದಿನದ ಪಾಠಕ್ಕೆ ಸೂಜಿ ಕೊಟ್ಟು ಹೋದರೆ ಮೊದಲ ಸೋಂಕಿಗೆ ಉತ್ತರ ಹೇಳಬೇಕಾದವರು ಅವರೇ. ಕಲಿಸಿದ್ದು ಬಾಯಿಪಾಠ ಬೇಕಾಗದ ನಾಲ್ಕು ಸಂಗತಿ: ಮೂರು ಪ್ರಶ್ನೆಯ ಮಾತ್ರೆಪಟ್ಟಿ, ನಾಲ್ಕು–ಆರರ ಉಸಿರು, ಬೆರಳ ಸಂದಿ ನೋಡಿ ಕಾಲಿಗೆ ಎಣ್ಣೆ, ಮತ್ತು ಬೆರಳಿನಿಂದಲೇ ಶೆನ್‌ಮೆನ್ ಒತ್ತುವುದು, ಬೀಜವೂ ಬೇಡ. ಒಬ್ಬರ ಮೇಲೊಬ್ಬರು ಮಾಡಿ ನೋಡುವಾಗ ಹೆಚ್ಚು ತಪ್ಪಿದ್ದು ಉಸಿರಿನಲ್ಲಿ. ಆರು ಎಣಿಸುವ ಆತುರಕ್ಕೆ ಕೊನೆಯಲ್ಲಿ ಹೊಟ್ಟೆ ಬಿಗಿಹಿಡಿಯುತ್ತಿದ್ದರು. ಮೂರು–ನಾಲ್ಕಕ್ಕೆ ಇಳಿಸಿದ ಮೇಲೆ ಸರಾಗವಾಯಿತು. ಹೊರಗೆ ಹೋಗುವ ಉಸಿರು ಒಳಬರುವುದಕ್ಕಿಂತ ಉದ್ದ ಇರಬೇಕು, ಅಷ್ಟೇ. ಎಣಿಕೆ ಅವರವರ ಎದೆಗೆ ತಕ್ಕಂತೆ.

ಮಾತ್ರೆಪಟ್ಟಿಗೆ ಒಬ್ಬ ಕಾರ್ಯಕರ್ತೆ ಸೇರಿಸಿದ ತಿದ್ದುಪಡಿ ಎಲ್ಲಕ್ಕಿಂತ ಚೆನ್ನಾಗಿತ್ತು. ಮಳೆಗಾಲ ಶುರುವಾಗುವ ಮೊದಲೇ ಪ್ರತಿ ಮನೆಯ ಮಾತ್ರೆ ಚೀಟಿಯ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು, ಒಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಪಡಿತರ ಚೀಟಿಯ ಜೊತೆ. ಓಡುವಾಗ ಜನ ಪಡಿತರ ಚೀಟಿ ಬಿಡುವುದಿಲ್ಲ, ಮಾತ್ರೆ ಬಿಡುತ್ತಾರೆ.

ನಾಲ್ಕು ಗಂಟೆಗೆ ಲೆಕ್ಕ. ತಂದದ್ದು 300 ಸೀಲು. ಮೂರು ದಿನಕ್ಕೆ ಒಡೆದದ್ದು 52, 44, 28, ನೆಂದದ್ದು ಒಂದು. ಉಳಿದದ್ದು 175 ಸೀಲು, 875 ಸೂಜಿ. ಬಿಳಿ ಡಬ್ಬಿಗಳಲ್ಲಿ ಚುಚ್ಚಿದ 580, ಚುಚ್ಚದೆ ಉಳಿದ 40, ನೆಂದ 5, ಒಟ್ಟು 625. ಮುಕ್ಕಾಲು ತುಂಬಿದ ಡಬ್ಬಿಗಳ ಮುಚ್ಚಳ ಒತ್ತಿ ಟೇಪು ಸುತ್ತಿ, ಮೊದಲೇ ಒಪ್ಪಿಸಿಕೊಂಡಿದ್ದ ಆಸ್ಪತ್ರೆಯ ತ್ಯಾಜ್ಯ ಕೋಣೆಗೆ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿದ್ದಾಯಿತು. ಕಾಫಿ ಬೀಜದ ಡಬ್ಬಿ ಆಶಾ ಕಾರ್ಯಕರ್ತೆಯರ ಬಳಿ ಉಳಿಯಿತು. ವ್ಯಾನು ಕುಶಾಲನಗರ ದಾಟುವಾಗ ಮಳೆ ನಿಂತಿತ್ತು.